ಎರಡು ದೇಶದ ಜೆರ್ಸಿ ಹಾಕಿದ ಬೊಡೋಲಾ

ರೊಮೇನಿಯಾ ಫುಟ್‌ಬಾಲ್ ಅಂದ್ರೆ ಎಲ್ಲರೂ ಸ್ಟಾರ್ ಆಟಗಾರ ಗ್ಯೋರ್ಗೆ ಹಾಜಿ ಹೆಸರೇ ಹೇಳ್ತಾರೆ, ಸರಿ, ಆದ್ರೆ ಆ ಹಾಜಿ 90ರ ದಶಕದಲ್ಲಿ ಮುರಿದ, ದೇಶದ ಪರ ಅತಿ ಹೆಚ್ಚು ಗೋಲಿನ ರೆಕಾರ್ಡ್ ಯಾರದ್ದು ಗೊತ್ತಾ? ಯೂಲಿಯು ಬೊಡೋಲಾದು. 48 ಮ್ಯಾಚ್, 30 ಗೋಲು, ಅರ್ಧ ಶತಮಾನಕ್ಕಿಂತ ಜಾಸ್ತಿ ಯಾರೂ ದಾಟಿರ್ಲಿಲ್ಲ!

1912ರಲ್ಲಿ ಬ್ರಾಶೋವ್‌ನಲ್ಲಿ ಹುಟ್ಟಿದ್ದು, ಹೆಸರು ಮಾಡಿದ್ದು ಒರಾಡಿಯಾ ಊರಿನ ಕ್ಲಬ್ಬಲ್ಲಿ, ಆಮೇಲೆ ಬುಕಾರೆಸ್ಟ್‌ನ ವೀನಸ್ ಕ್ಲಬ್ಬಿಗೆ ಹೋಗಿ ಅಲ್ಲಿ ರೊಮೇನಿಯಾ ಲೀಗ್ ಗೆದ್ದ. 1934, 1938 ಎರಡೂ ವರ್ಲ್ಡ್ ಕಪ್ ಆಡಿದ್ದಾನೆ. 38ರದ್ದು ಮಾತ್ರ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ತುಲೂಸ್‌ನಲ್ಲಿ ಕ್ಯೂಬಾ ಜೊತೆ 3-3 ಡ್ರಾ, ನಾಲ್ಕು ದಿನ ಬಿಟ್ಟು ಮತ್ತೆ ಆಡಿಸಿದ್ರೆ 2-1ಕ್ಕೆ ಸೋತು ಮನೆಗೆ. ಕ್ಯೂಬಾ ಕೈಲಿ ಕಣ್ರೀ!

ಅಸಲಿ ಕಥೆ 1940ರದ್ದು. ಹಿಟ್ಲರ್, ಮುಸೊಲಿನಿ ಕಡೆಯವರು ವಿಯೆನ್ನಾದಲ್ಲಿ ಕೂತು ರೊಮೇನಿಯಾದ ಉತ್ತರ ಟ್ರಾನ್ಸಿಲ್ವೇನಿಯಾನ ಹಂಗರಿಗೆ ಬರೆದುಕೊಟ್ಬಿಟ್ರು, ಒರಾಡಿಯಾ ಊರಿನ ಹೆಸರು ಹಂಗೇರಿಯನ್‌ನಲ್ಲಿ ನಾಗಿವಾರಾದ್ ಆಯ್ತು, ನಮ್ಮ ಬೊಡೋಲಾ, ಹೇಗಿದ್ರೂ ಹಂಗೇರಿಯನ್ ಮೂಲದವನು, ವಾಪಸ್ ಬಂದು ಅಲ್ಲೇ ಆಡಿ 1944ರಲ್ಲಿ ಹಂಗರಿ ಲೀಗನ್ನೂ ಗೆದ್ದ. ಬುಡಾಪೆಸ್ಟ್ ಹೊರಗಿನ ಟೀಮ್ ಅದನ್ನ ಗೆದ್ದಿದ್ದು ಅದೇ ಮೊದಲು. ಹಂಗರಿ ಪರವಾಗೂ 13 ಮ್ಯಾಚ್, 4 ಗೋಲು. ಅಲ್ಲಿ ಅವನ ಹೆಸರು ಜ್ಯುಲಾ ಬೊಡೋಲಾ.

ಯುದ್ಧ ಮುಗಿದ್ಮೇಲೆ ಒರಾಡಿಯಾ ಮತ್ತೆ ರೊಮೇನಿಯಾಗೆ ಸೇರ್ತು, ಇವನು ಬುಡಾಪೆಸ್ಟಲ್ಲಿ ಎಂಟಿಕೆ ಕ್ಲಬ್ಬಿಗೆ ಆಡಿದ, 1993ರಲ್ಲಿ ತೀರಿಕೊಂಡಿದ್ದೂ ಅದೇ ಊರಲ್ಲಿ. ಇನ್ನೊಂದು ಮಜಾ ಅಂದ್ರೆ ಒರಾಡಿಯಾ ಕ್ಲಬ್ 1949ರಲ್ಲಿ ರೊಮೇನಿಯಾ ಲೀಗನ್ನೂ ಹೊಡೀತು, ಬೊಡೋಲಾ ಇಲ್ದೇನೇ.