ಒಂದಿಂಚಿನ ಪೈಪಿನ ಕಾರಿಗೆ ಕಾಂಟೆಸ್ಸಾ ಎಂಜಿನ್

ನಮ್ಮ ಕಾರಿನ ಬಾನೆಟ್ಟಿಗೂ ಹೊಸ ಎಂಜಿನ್ನಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಅಂತ ಅಳೆದಿದ್ದು ಚಪಾತಿ ಹಿಟ್ಟಿನಿಂದ. ಅತ್ತಿಗೆಗೆ ಹೇಳಿ ಸ್ವಲ್ಪ ಗಟ್ಟಿಯಾಗಿಯೇ ಕಲಸಿಸಿಕೊಂಡಿದ್ದೆ. ಏರ್ ಕ್ಲೀನರ್ ಮೇಲೆ ಒಂದು ಉಂಡೆ, ಡಿಸ್ಟ್ರಿಬ್ಯೂಟರ್ ಪಕ್ಕ ಒಂದು, ಸ್ಟೀರಿಂಗ್ ರಾಡ್ ಹಾದುಹೋಗುವ ಕಡೆ ಒಂದು. ಬಾನೆಟ್ ಮುಚ್ಚಿ ಮೆಲ್ಲಗೆ ಒತ್ತಿದೆವು, ಮತ್ತೆ ತೆಗೆದೆವು. ಚಪ್ಪಟೆಯಾದ ಉಂಡೆಯನ್ನು ಬ್ಲೇಡಿನಲ್ಲಿ ಕೊಯ್ದು ವರ್ನಿಯರ್ ಇಟ್ಟು ನೋಡಿದರೆ ಏರ್ ಕ್ಲೀನರ್ ಮೇಲೆ 9 ಮಿಲಿಮೀಟರ್. ಬೇಕಾಗಿದ್ದು ಕನಿಷ್ಠ 25. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಆಕ್ಸಿಲರೇಟರ್ ತುಳಿದಾಗ ಒಂದು ಪಕ್ಕಕ್ಕೆ ಹೊರಳುತ್ತದೆ. ನಿಂತಾಗ ತಾಗದೇ ಇರುವುದು ಓಡುವಾಗ ತಾಗುತ್ತದೆ. ಉಳಿದ 16 ಮಿಲಿಮೀಟರ್ ಎಲ್ಲಿಂದ ತರೋದು? ಆ ಭಾನುವಾರ ಪೂರ್ತಿ ಇದೇ ಮಾತು.

ಈ ಕಾರನ್ನು ನಾನು ಮತ್ತು ನನ್ನ ತಮ್ಮ ಕಟ್ಟಿದ್ದು ತುಮಕೂರಿನಲ್ಲಿ, ದೊಡ್ಡಪ್ಪನ ಹಳೇ ರೈಸ್ ಮಿಲ್ಲಿನ ಶೆಡ್ಡಿನಲ್ಲಿ. ಮಿಲ್ಲು ನಿಂತು ವರ್ಷಗಳೇ ಆದವು. ಆದರೆ ಚೈನ್ ಬ್ಲಾಕ್ ನೇತುಹಾಕುವ ಗರ್ಡರ್, ತ್ರೀ ಫೇಸ್ ಕರೆಂಟು, ಭತ್ತ ಒಣಗಿಸುತ್ತಿದ್ದ ಸಿಮೆಂಟ್ ಕಣ ಎಲ್ಲ ಹಾಗೇ ಇವೆ. ಕಾರು ಕಟ್ಟುವವರಿಗೆ ಇನ್ನೇನು ಬೇಕು?

ಕಾರಿನ ಮಾದರಿ ಲೋಟಸ್ ಸೆವೆನ್. ಬ್ರಿಟನ್ನಿನ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಕಾರು ಅದು. ಬಾಗಿಲಿಲ್ಲ, ಮೇಲೆ ಟಾಪ್ ಇಲ್ಲ, ಎರಡೇ ಸೀಟು. ಪೈಪಿನ ಚೌಕಟ್ಟು, ಅದಕ್ಕೆ ಬಡಿದ ಅಲ್ಯೂಮಿನಿಯಂ ತಗಡು. ಮೊದಮೊದಲು ಅದಕ್ಕೆ ಹಾಕುತ್ತಿದ್ದದ್ದು ಫೋರ್ಡಿನ 1172 ಸಿಸಿ ಸೈಡ್‌ವಾಲ್ವ್ ಎಂಜಿನ್, ಬರೀ 40 ಎಚ್‌ಪಿ ಆಸುಪಾಸು. ಆದರೂ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕುತ್ತಿತ್ತು, ಕಾರಿನ ತೂಕವೇ ಅಷ್ಟು ಕಮ್ಮಿ. ಬ್ರಿಟನ್ನಿನಲ್ಲಿ ಜನ ಅದನ್ನು ಬಿಡಿಭಾಗಗಳ ಕಿಟ್ ಆಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ತೆರಿಗೆಯೂ ಉಳಿಯುತ್ತಿತ್ತು. 1973ರಿಂದ ಅದೇ ಕಾರನ್ನು ಕ್ಯಾಟರ್‌ಹ್ಯಾಮ್ ಕಂಪನಿ ಮಾಡುತ್ತಿದೆ.

ನಮ್ಮದರ ಚೌಕಟ್ಟು ಒಂದಿಂಚಿನ ಸ್ಕ್ವೇರ್ ಪೈಪ್, 16 ಗೇಜ್. ಮೊದಲು ಹಾಕಿದ್ದು ಮಾರುತಿ ಓಮ್ನಿಯ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್. ಓಮ್ನಿಯಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರ ತಿರುಗುತ್ತದೆ. ಸೆವೆನ್ ತರಹದ ಕಾರಿಗೆ ಬೇಕಾಗಿದ್ದೇ ಅದು. 796 ಸಿಸಿ, ಮೂರು ಸಿಲಿಂಡರ್, 35 ಎಚ್‌ಪಿ ಅಂದುಕೊಳ್ಳಿ. ತಿರುವಿನಲ್ಲಿ ಆ ಕಾರು ಎಷ್ಟು ಚುರುಕು ಅಂದ್ರೆ, ಕೈ ಅಲ್ಲಾಡಿಸುವಷ್ಟರಲ್ಲಿ ಮೂತಿ ತಿರುಗಿರುತ್ತಿತ್ತು. ತಿರುವು ಮುಗಿದ ಮೇಲೆ ಮಾತ್ರ ಎಂಜಿನ್ನಿನಲ್ಲಿ ಉಸಿರು ಸಾಲುತ್ತಿರಲಿಲ್ಲ. ಲೆಕ್ಕ ಹಾಕಿದರೆ ಟನ್ನಿಗೆ 70 ಎಚ್‌ಪಿ ಚಿಲ್ಲರೆ. ಹಳೇ ಕಾಂಟೆಸ್ಸಾ ಕಾರಿನದ್ದೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಹಾಗಾದರೆ ಕಾಂಟೆಸ್ಸಾ ಎಂಜಿನ್ನನ್ನೇ ತಂದು ಅದರ ಅರ್ಧ ತೂಕದ ಕಾರಿಗೆ ಹಾಕಿದರೆ? ಈ ಯೋಚನೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಲೇ ಇಲ್ಲ.

ಕಾಂಟೆಸ್ಸಾ ಕ್ಲಾಸಿಕ್‌ನಲ್ಲಿ ಇದ್ದದ್ದು ಇಸುಝು 1.8 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು 85 ಎಚ್‌ಪಿ, ಐದು ಗೇರು. ಹೋಂಡಾ ಸಿಟಿಯ ವಿಟೆಕ್ ಎಂಜಿನ್ ಹಾಕಿ, ಅದು ಹಗುರ, ಶಕ್ತಿಯೂ ಜಾಸ್ತಿ ಅಂತ ಗೆಳೆಯರು ಹೇಳಿದರು. ನಿಜ. ಆದರೆ ಅದು ಅಡ್ಡಕ್ಕೆ ಕೂರುವ ಎಂಜಿನ್. ಉದ್ದಕ್ಕೆ ಕೂರಿಸಬೇಕಾದರೆ ಬೇರೆ ಗೇರ್‌ಬಾಕ್ಸ್, ಅದಕ್ಕೊಂದು ಅಡಾಪ್ಟರ್ ಪ್ಲೇಟ್ ಬೇಕು. ಅದೂ ಅಲ್ಲದೆ ಆ ಕಾಲದ ಹೋಂಡಾ ಎಂಜಿನ್‌ಗಳು ಬೇರೆಯವರ ಎಂಜಿನ್‌ಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಮಾಮೂಲಿ ಗೇರ್‌ಬಾಕ್ಸು, ಆಕ್ಸಲ್ಲು ಹಾಗೇ ಜೋಡಿಸಿದರೆ ಕಾರು ಐದೂ ಗೇರಿನಲ್ಲಿ ಹಿಂದಕ್ಕೆ ಹೋಗುತ್ತದೆ. ಇಸುಝು ಭಾರ ಹೌದು, ಬ್ಲಾಕು ಎರಕದ ಕಬ್ಬಿಣ. ಆದರೆ ಗೇರ್‌ಬಾಕ್ಸು, ಅದರಿಂದ ಹಿಂದಿನ ಆಕ್ಸಲ್ಲಿಗೆ ತಿರುಗುವ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು, ಆಕ್ಸಲ್ಲು ಎಲ್ಲ ಒಂದೇ ಕಾರಿನಿಂದ ಒಟ್ಟಿಗೆ ಸಿಗುತ್ತವೆ. ಶಿರಾ ಕಡೆ ಒಬ್ಬರ ತೋಟದ ಮನೆಯಲ್ಲಿ ನಿಂತಿದ್ದ ಕಾಂಟೆಸ್ಸಾದಿಂದ ಇಷ್ಟನ್ನೂ ಬಿಚ್ಚಿಕೊಂಡು ಬಂದೆವು.

ಹಗುರ ಕಾರಿಗೆ ದೊಡ್ಡ ಎಂಜಿನ್ ಅಂದ ತಕ್ಷಣ ಎಲ್ಲರೂ ಹೇಳೋದು ಕೋಬ್ರಾ ಕಾರಿನ ಕತೆ. ಇಂಗ್ಲೆಂಡಿನ ಎಸಿ ಏಸ್ ಅನ್ನೋ ಪುಟ್ಟ ಕಾರಿಗೆ ಅಮೆರಿಕದ ರೇಸ್ ಡ್ರೈವರ್ ಕ್ಯಾರಲ್ ಶೆಲ್ಬಿ 1962ರಲ್ಲಿ ಫೋರ್ಡ್ ವಿ8 ಹಾಕಿಸಿದರು, 4.2 ಲೀಟರಿನದ್ದು. ನನಗೆ ಅದರಲ್ಲಿ ಇಷ್ಟವಾಗೋದು ಎಂಜಿನ್ನಿನ ಗಾತ್ರ ಅಲ್ಲ. ಫೋರ್ಡ್ ಆ ಎಂಜಿನ್ನನ್ನು ತೆಳು ಗೋಡೆಯ ಎರಕದಲ್ಲಿ ಮಾಡಿತ್ತು. ಹಾಗಾಗಿ ವಿ8 ಆದರೂ ಸಣ್ಣದು, ಹಗುರ. ಅಂಥದ್ದು ಸಿಕ್ಕಿದ್ದಕ್ಕೇ ಆ ಕಾರು ಗೆದ್ದಿತು. ಎಷ್ಟು ದೊಡ್ಡ ಎಂಜಿನ್ ಅನ್ನೋದಕ್ಕಿಂತ ಅದರ ಭಾರ ಎಷ್ಟು, ಆ ಭಾರ ಕಾರಿನಲ್ಲಿ ಎಲ್ಲಿ ಕೂತಿದೆ ಅನ್ನೋದು ಮುಖ್ಯ. ಶೆಡ್ಡಿನಲ್ಲಿ ನಾವು ಜಗಳ ಆಡಿದ್ದೆಲ್ಲ ಈ ವಿಷಯಕ್ಕೇ.

ಆ 16 ಮಿಲಿಮೀಟರಿಗೆ ತಮ್ಮನ ಹತ್ತಿರ ಸುಲಭದ ಉತ್ತರ ಇತ್ತು.

"ಅಣ್ಣಾ, ಬಾನೆಟ್ ಕೊಯ್ದು ಮೇಲೊಂದು ಸ್ಕೂಪ್ ಕೂರಿಸೋಣ. ನೋಡೋಕೂ ಚೆನ್ನಾಗಿರುತ್ತೆ."

ನನಗೆ ಅದು ಒಪ್ಪಿಗೆ ಆಗಲಿಲ್ಲ. ಕಾರಿನಲ್ಲೇ ಅತಿ ಭಾರದ ವಸ್ತುವನ್ನು ಮೇಲೆ ಬಿಟ್ಟು ಬಾನೆಟ್ಟಿಗೆ ಉಬ್ಬು ಮಾಡೋದು ಯಾಕೆ? ಎಂಜಿನ್ನನ್ನೇ ಕೆಳಗೆ ಇಳಿಸೋಣ ಅಂದೆ. ಇಳಿಸಿದರೆ ಸಂಪ್, ಅಂದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ನೆಲಕ್ಕೆ ಹತ್ತಿರ ಬರುತ್ತದೆ, ಮೊದಲ ಹಂಪಿನಲ್ಲೇ ಒಡೆಯುತ್ತದೆ ಅಂತ ಅವನು. ಅವನ ಮಾತೂ ಸರಿ. ಕೊನೆಗೆ ಸಂಪನ್ನೇ ಕೊಯ್ಯೋದು ಅಂತ ತೀರ್ಮಾನ ಆಯಿತು. ತಳದಿಂದ ಒಂದಿಂಚು ಕಮ್ಮಿ ಮಾಡಿ, ಎಣ್ಣೆಯ ಅಳತೆ ಕಮ್ಮಿಯಾಗದ ಹಾಗೆ ಎರಡೂ ಪಕ್ಕಕ್ಕೆ ಡಬ್ಬಿಯ ಹಾಗೆ ಅಗಲ ಮಾಡಿದೆವು. ಒಳಗೆ ಅಡ್ಡ ಪ್ಲೇಟುಗಳನ್ನು ಬೆಸುಗೆ ಹಾಕಿದೆವು. ಇಲ್ಲದಿದ್ದರೆ ಜೋರು ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಮೂಲೆಗೆ ಹೋಗಿ, ಪಂಪು ಗಾಳಿ ಎಳೆದು, ಬೇರಿಂಗ್ ಸುಟ್ಟುಹೋಗುತ್ತದೆ. ಎಣ್ಣೆ ಎಳೆಯುವ ಜಾಲರಿಗೂ ಸಂಪಿನ ತಳಕ್ಕೂ ಎಷ್ಟು ಜಾಗ ಅಂತ ನೋಡಿದ್ದೂ ಹಿಟ್ಟಿನ ಉಂಡೆಯಲ್ಲೇ.

ಹಿಂದಕ್ಕೆ ತಳ್ಳೋದು ಇನ್ನೊಂದು ಕತೆ. ಎಂಜಿನ್ ಎಷ್ಟು ಹಿಂದಕ್ಕೆ ಹೋದರೆ ಮುಂದಿನ ಚಕ್ರಕ್ಕೆ ಅಷ್ಟು ಹಗುರ. ಆದರೆ ಹಿಂದೆ ಇರುವುದು ಡ್ರೈವರ್ ಕಾಲು. ಇಸುಝುವಿನ ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ, ಓಮ್ನಿಯದ್ದಕ್ಕಿಂತ ತುಂಬಾ ಅಗಲ. ಅದಕ್ಕೆ ಕಾರಿನ ನಡುವೆ ಗೇರ್‌ಬಾಕ್ಸು, ಶಾಫ್ಟು ಹಾಯುವ ಸುರಂಗ ಅಗಲ ಮಾಡಿದ ಮೇಲೆ ಪೆಡಲ್ ಜಾಗ ಕಿರಿದಾಯಿತು. ಮೂರು ಪೆಡಲ್‌ಗಳನ್ನೂ ಕೊಯ್ದು ಹತ್ತಿರ ತಂದೆವು. ಈಗ ಕ್ಯಾನ್ವಾಸ್ ಶೂ ಹಾಕಿದರೆ ಮಾತ್ರ ಸರಿಯಾಗಿ ತುಳಿಯಲು ಬರುತ್ತದೆ. ಬಲಗಡೆ ಮೌಂಟು ಸ್ಟೀರಿಂಗ್ ರಾಡಿಗೆ ತಾಗುತ್ತಿತ್ತು, ರಾಡಿನ ನಡುವೆ ಇನ್ನೊಂದು ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಾಗಿದ್ದರೂ ತಿರುಗುವ ಕೀಲು, ಸೇರಿಸಿ ಸುತ್ತಿ ತಂದೆವು. ಚೌಕಟ್ಟಿಗೆ ಎಂಜಿನ್ ಮೇಲೆ ಹಾಯುವ ಓರೆ ಪೈಪ್ ಹಾಕಿದೆವು, ಬೋಲ್ಟ್ ಬಿಚ್ಚಿ ತೆಗೆಯುವಂಥದ್ದು. ಅದಿಲ್ಲದೆ ಈ ಎಂಜಿನ್ನಿನ ತಿರುಚುವ ಬಲಕ್ಕೆ ಒಂದಿಂಚಿನ ಪೈಪ್ ತಡೆಯುವುದಿಲ್ಲ.

ನನಗೆ ಜಾಸ್ತಿ ಭಯ ಇದ್ದದ್ದು ಪ್ರೊಪೆಲ್ಲರ್ ಶಾಫ್ಟಿನದ್ದು. ಕಾಂಟೆಸ್ಸಾದ ಶಾಫ್ಟನ್ನು ಕೊಯ್ದು ಗಿಡ್ಡ ಮಾಡಿ ಬೆಸೆಯಬೇಕು. ಸೀಟಿನ ಪಕ್ಕದಲ್ಲೇ, ಸೊಂಟಕ್ಕೆ ಅಂಟಿಕೊಂಡ ಹಾಗೆ, ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದಕ್ಕೇ ಅಂತರಸನಹಳ್ಳಿಯ ಲೇತ್ ಅಂಗಡಿಗೆ ಹೋದೆವು. ಅಲ್ಲಿ ಕೂರುವ ಯಜಮಾನರು ನಮ್ಮೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿದವರು. 2016ರಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನ ಮಾಡಿತಲ್ಲ, ಆ ಕಾರ್ಖಾನೆ ಹೋಯಿತು. ಆದರೆ ಅಲ್ಲಿ ಕೆಲಸ ಕಲಿತ ಕೈಗಳು ತುಮಕೂರಿನಲ್ಲೇ ಇವೆ. ಊರಿಗೆ ಇದು ಎಷ್ಟು ದೊಡ್ಡ ಆಸ್ತಿ ಅಂತ ಯಾರೂ ಲೆಕ್ಕ ಇಡುವುದಿಲ್ಲ.

ಬೆಸೆದ ಶಾಫ್ಟನ್ನು ಅವರು ಲೇತಿಗೆ ಕಟ್ಟಿ, ಡಯಲ್ ಗೇಜ್ ಇಟ್ಟು ಕೈಯಲ್ಲೇ ತಿರುಗಿಸಿದರು. ಮುಳ್ಳು 0.4 ಮಿಲಿಮೀಟರ್ ಓಡಾಡಿತು.

"ಇಷ್ಟು ಸಾಕಲ್ವಾ ಯಜಮಾನ್ರೇ?" ಅಂದ ತಮ್ಮ.

"ಟ್ರ್ಯಾಕ್ಟರ್ರಿಗೆ ಸಾಕಪ್ಪ. ನೀವು ಪಕ್ಕದಲ್ಲೇ ಕೂತ್ಕೋಳೋದು ತಾನೇ? ಇರಿ."

ಶಾಫ್ಟು ಉಬ್ಬಿದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಗ್ಯಾಸ್ ಟಾರ್ಚಿನಿಂದ ಅಲ್ಲಿ ಒಂದು ರೂಪಾಯಿ ಅಗಲದ ಚುಕ್ಕೆಯನ್ನು ಕೆಂಪಗೆ ಕಾಯಿಸಿದರು, ತಕ್ಷಣ ಒದ್ದೆ ಬಟ್ಟೆ ಒತ್ತಿದರು. ಬುಸ್ ಅಂತ ಹಬೆ ಎದ್ದಿತು. ಕಾದ ಜಾಗ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಶಾಫ್ಟನ್ನು ಆ ಕಡೆಗೆ ಎಳೆದುಕೊಂಡು ನೇರ ಮಾಡುತ್ತದೆ. ಸುತ್ತಿಗೆಯ ಒಂದು ಏಟೂ ಬೀಳಲಿಲ್ಲ. ಪೂರ್ತಿ ಆರಿದ ಮೇಲೆ ಗೇಜ್ ಇಟ್ಟರು, ಮತ್ತೊಂದು ಸಣ್ಣ ಚುಕ್ಕೆ ಕಾಯಿಸಿದರು. ಮುಳ್ಳು 0.1ರ ಒಳಗೆ ಬಂದು ನಿಂತಿತು. ಎರಡೂ ತುದಿಯಲ್ಲಿ ಜಾಯಿಂಟ್ ಹಿಡಿಯುವ ಯೋಕ್‌ಗಳು ಒಂದೇ ನೇರದಲ್ಲಿ ಇವೆಯಾ ಅಂತಲೂ ಅವರೇ ನೋಡಿದರು. ಯೂನಿವರ್ಸಲ್ ಜಾಯಿಂಟ್ ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ವೇಗ ಎರಡು ಸಲ ಏರಿ ಇಳಿಯುತ್ತದೆ. ಎರಡು ಜಾಯಿಂಟ್ ಒಂದೇ ನೇರದಲ್ಲಿ ಇದ್ದು, ಓರೆಯೂ ಸಮ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿಮಾಡುತ್ತದೆ. ಇಲ್ಲದಿದ್ದರೆ ಕಾರೆಲ್ಲ ನಡುಗುತ್ತದೆ. ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ ಅಂತ ಹೇಳಿ ಕಳಿಸಿದರು. ಬೆಂಗಳೂರಿಗೆ ಹೋಗಿ ಅದನ್ನೂ ಮಾಡಿಸಿಕೊಂಡು ಬಂದೆವು.

ಈ ಕಾರು ರಸ್ತೆಗೆ ಇಳಿಯುವುದಿಲ್ಲ. ಇದನ್ನು ಓದಿ ಕೈ ಹಾಕುವವರಿಗೆ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಆರ್‌ಸಿಯಲ್ಲಿ ಇರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ನಮ್ಮದಕ್ಕೆ ಆರ್‌ಸಿಯೇ ಇಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೊಂದು ಕಾರನ್ನೂ ಪರೀಕ್ಷೆ ಮಾಡಿ ನಂಬರ್ ಕೊಡುವ ವ್ಯವಸ್ಥೆ ಇದೆ. ನಮ್ಮಲ್ಲಿಯೂ ಅಂಥದ್ದು ಬರಬೇಕು ಅಂತ ನನಗೆ ಮನಸಾರೆ ಅನಿಸುತ್ತದೆ. ಬೇಕಾದರೆ ಪರೀಕ್ಷೆ ಎಷ್ಟೇ ಕಠಿಣ ಇರಲಿ. ಅಲ್ಲಿಯವರೆಗೆ ನಮಗೆ ಮಿಲ್ಲಿನ ಕಾಂಪೌಂಡೇ ಸಾಕು.

ವೈರಿಂಗ್, ರೇಡಿಯೇಟರ್, ಹೊಸ ಮ್ಯಾನಿಫೋಲ್ಡ್ ಎಲ್ಲ ಮುಗಿದ ಮೇಲೆ ತೂಕ. ಮಿಲ್ಲಿನದ್ದೊಂದು ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಉಳಿದ ಮೂರನ್ನು ಪರಿಚಯದ ಮಂಡಿಯವರು ಒಂದು ದಿನದ ಮಟ್ಟಿಗೆ ಕೊಟ್ಟರು. ನಾಲ್ಕೂ ಒಂದೇ ಮಟ್ಟದಲ್ಲಿ ಇರಬೇಕು, ಇಲ್ಲದಿದ್ದರೆ ತೂಕ ಸುಳ್ಳು ಹೇಳುತ್ತದೆ. ಗಾರೆ ಕೆಲಸದವರ ನೀರಿನ ಟ್ಯೂಬ್ ಹಿಡಿದು, ಪ್ಲೈವುಡ್ ಚೂರು ಕೊಟ್ಟು ಮಟ್ಟ ಮಾಡಿ ಕಾರು ಹತ್ತಿಸಿದೆವು. ಮುಂದೆ 302 ಕೆಜಿ, ಹಿಂದೆ 290. ಒಟ್ಟು 592. ಓಮ್ನಿ ಎಂಜಿನ್ ಇದ್ದಾಗ 486 ಇತ್ತು. ತಮ್ಮ ಸೀಟಿನಲ್ಲಿ ಕೂತ ತಕ್ಷಣ ಹಿಂದಿನದ್ದು ಜಾಸ್ತಿಯಾಯಿತು. ನನಗೆ ಬೇಕಾಗಿದ್ದು ಇದೇ. ಕಬ್ಬಿಣದ ಬ್ಲಾಕು ಹಾಕಿದ ಮೇಲೂ ಮೂತಿ ಭಾರ ಆಗಿಲ್ಲ. ಸಂಪ್ ಕೊಯ್ದದ್ದು, ಪೆಡಲ್ ಇಕ್ಕಟ್ಟು ಮಾಡಿಕೊಂಡದ್ದು ಎಲ್ಲಕ್ಕೂ ಲೆಕ್ಕ ಸಿಕ್ಕಿತು. ಟನ್ನಿಗೆ 140ಕ್ಕೂ ಮೇಲೆ ಎಚ್‌ಪಿ. ಮೊದಲಿನದರ ಎರಡು ಪಟ್ಟು.

ಕಣದಲ್ಲಿ ನಡುವೆ ಒಂದು ಗೂಟ ಇಟ್ಟು, 12 ಮೀಟರ್ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ವೃತ್ತ ಹಾಕಿದೆವು. ಓಮ್ನಿ ಎಂಜಿನ್ ಇದ್ದಾಗಲೂ ಇದೇ ವೃತ್ತದಲ್ಲಿ ಸುತ್ತಿದ್ದೆವು, ಟೈರು ಜಾರುವ ಅಂಚಿನಲ್ಲಿ ಒಂದು ಸುತ್ತಿಗೆ 8 ಸೆಕೆಂಡು ಹಿಡಿಯುತ್ತಿತ್ತು. ಈಗಲೂ 8 ಸೆಕೆಂಡೇ, ಕೂದಲೆಳೆಯಷ್ಟು ಹೆಚ್ಚು. ನೂರು ಕೆಜಿ ಜಾಸ್ತಿ ಹೊತ್ತರೂ ಕಾರು ತಿರುವಿನಲ್ಲಿ ಏನೂ ಕಳಕೊಂಡಿಲ್ಲ. ವೃತ್ತ ಬಿಟ್ಟು ನೇರಕ್ಕೆ ಬಂದು ಎರಡನೇ ಗೇರಿನಲ್ಲಿ ತುಳಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಆ ಶಬ್ದ, ಆ ಎಳೆತ, ಅದೂ ನಾವೇ ಬೆಸೆದ ಪೈಪಿನೊಳಗೆ ಕೂತು. ಇದರ ಖುಷಿಯನ್ನು ಹೇಗೆ ಹೇಳಲಿ?

ಯಜಮಾನರನ್ನೂ ಕರೆದಿದ್ದೆವು. ಪಕ್ಕದ ಸೀಟಿನಲ್ಲಿ ಕೂತು ಸುರಂಗದ ಮೇಲೆ ಅಂಗೈ ಇಟ್ಟುಕೊಂಡರು, ಶಾಫ್ಟ್ ನಡುಗುತ್ತದಾ ನೋಡಲು. ನಡುಗಲಿಲ್ಲ. ಆದರೆ ಅವರ ಕಣ್ಣು ಇದ್ದದ್ದು ಆಯಿಲ್ ಪ್ರೆಷರ್ ಮೀಟರಿನ ಮೇಲೆ. ಎಡಕ್ಕೆ ಸುತ್ತುವಾಗ ಮುಳ್ಳು ಅಲ್ಲಾಡಲಿಲ್ಲ. ಬಲಕ್ಕೆ ಸುತ್ತುವಾಗ ಒಂದು ಕ್ಷಣ ಇಳಿದು ಮತ್ತೆ ಏರಿತು.

"ಎಡಗಡೆ ಡಬ್ಬಿಯಿಂದ ಎಣ್ಣೆ ವಾಪಸ್ ಬರೋದು ತಡ ಆಗ್ತಾ ಇದೆ. ಸಂಪ್ ಬಿಚ್ಚಿ ತಗೊಂಡು ಬನ್ನಿ, ಅಲ್ಲಿಗೊಂದು ಕೀಲು ಬಾಗಿಲು ಮಾಡಿಕೊಡ್ತೀನಿ. ಎಣ್ಣೆ ಒಳಗೆ ಬರಬೇಕು, ಹೊರಗೆ ಹೋಗಬಾರದು."

ಮಾರನೇ ದಿನವೇ ಚೈನ್ ಬ್ಲಾಕ್ ಹಾಕಿ ಎಂಜಿನ್ ಮೇಲಕ್ಕೆತ್ತಿದೆವು. ಸಂಪ್ ಈಗ ಅಂತರಸನಹಳ್ಳಿಯಲ್ಲಿದೆ. ಬಾಗಿಲಿಗೆ ಬೇಕಾದ ಸಣ್ಣ ಹಿತ್ತಾಳೆ ಕೀಲುಗಳನ್ನು ತಮ್ಮ ಕೊಟ್ಟು ಬಂದಿದ್ದಾನೆ.