ಈಸ್ಟ್ರೋಜನ್ ಚಯಾಪಚಯದ ಕಂಪ್ಯೂಟರ್ ಮಾದರಿ: ಕಾಮ್ಟ್ ಕಿಣ್ವದವರೆಗಿನ ಪ್ರಗತಿ

ಸ್ತನದ ಅಂಗಾಂಶದಲ್ಲಿ ಈಸ್ಟ್ರೋಜನ್ ಹಾರ್ಮೋನುಗಳಲ್ಲಿ ಮುಖ್ಯವಾದ ಈಸ್ಟ್ರಡಯೋಲ್ ಹುಟ್ಟಿ, ರೂಪ ಬದಲಿಸಿ, ಹೊರಹೋಗುವ ದಾರಿಯನ್ನು ಪೈಥಾನ್‌ನಲ್ಲಿ ಕಟ್ಟುವ ಕೆಲಸ ಇದು. ಇದಕ್ಕೆ ಲ್ಯಾಬ್ ಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್, ನಂಪೈ ಮತ್ತು ಸೈಪೈ ಎಂಬ ಗಣಿತದ ಲೈಬ್ರರಿಗಳು ಸಾಕು. ಕೇಳುತ್ತಿರುವ ಪ್ರಶ್ನೆ: ದಾರಿಯ ಒಂದು ಕಿಣ್ವ ಚುರುಕಾದರೆ ಅಥವಾ ಮಂದವಾದರೆ, ಡಿಎನ್ಎಗೆ ಅಂಟಿ ಹಾನಿ ಮಾಡುವ ಕ್ವಿನೋನ್ ಎಂಬ ಅಣು ಎಷ್ಟು ಹೆಚ್ಚು ಕಡಿಮೆ ಆಗುತ್ತದೆ?

ನಕ್ಷೆ ಹೀಗಿದೆ. ಅರೊಮಟೇಸ್ ಕಿಣ್ವ ಟೆಸ್ಟೊಸ್ಟೆರಾನ್‌ನಿಂದ ಈಸ್ಟ್ರಡಯೋಲನ್ನು, ಆಂಡ್ರೊಸ್ಟೀನ್‌ಡಯೋನ್‌ನಿಂದ ಈಸ್ಟ್ರೋನನ್ನು ತಯಾರಿಸುತ್ತದೆ. ಈಸ್ಟ್ರಡಯೋಲಿನ ಒಂದು ಪಾಲನ್ನು ಪಿ450 ಗುಂಪಿನ ಎರಡು ಕಿಣ್ವಗಳು, ಸಿವೈಪಿ1ಎ1 ಮುಖ್ಯವಾಗಿ 2-ಹೈಡ್ರಾಕ್ಸಿ ರೂಪಕ್ಕೆ, ಸಿವೈಪಿ1ಬಿ1 ಮುಖ್ಯವಾಗಿ 4-ಹೈಡ್ರಾಕ್ಸಿ ರೂಪಕ್ಕೆ ತಿರುಗಿಸುತ್ತವೆ. ಪಕ್ಕಪಕ್ಕದಲ್ಲಿ ಎರಡು ಹೈಡ್ರಾಕ್ಸಿ ಗುಂಪುಗಳಿರುವುದರಿಂದ ಇವೆರಡೂ ಕ್ಯಾಟಿಕೋಲ್‌ಗಳು. ಕಾಮ್ಟ್ ಕಿಣ್ವ ಇವಕ್ಕೆ ಮೀಥೈಲ್ ಗುಂಪು ಜೋಡಿಸಿ ತಣ್ಣಗಾಗಿಸುತ್ತದೆ. ಅದರ ಕೈತಪ್ಪಿದ ಕ್ಯಾಟಿಕೋಲ್ ಆಕ್ಸಿಡೀಕರಣಗೊಂಡು ಕ್ವಿನೋನ್ ಆಗುತ್ತದೆ. 4-ಹೈಡ್ರಾಕ್ಸಿ ಕಡೆಯ ಕ್ವಿನೋನ್ ಅಡಿನೀನ್ ಮತ್ತು ಗ್ವಾನೀನ್‌ಗೆ ಅಂಟಿ, ಆ ಬೇಸನ್ನೇ ಡಿಎನ್ಎಯಿಂದ ಕಳಚಿಹಾಕಬಲ್ಲದು. ಅದಕ್ಕೆ ಮುಂಚೆ ಜಿಎಸ್‌ಟಿ ಕಿಣ್ವಗಳು ಗ್ಲೂಟಾಥಯೋನ್ ಎಂಬ ರಕ್ಷಕ ಅಣುವನ್ನು ಕ್ವಿನೋನಿಗೆ ಜೋಡಿಸಿದರೆ ಹಾನಿ ತಪ್ಪುತ್ತದೆ.

ಏಕಮಾನಗಳು: ಮೊದಲು ಕೆಡುವುದು ಇಲ್ಲೇ

ಈಸ್ಟ್ರಡಯೋಲಿನ ಅಣುಭಾರ 272.4. ಹಾಗಾಗಿ ಮಿಲಿಲೀಟರಿಗೆ 1 ಪಿಕೊಗ್ರಾಂ ಎಂದರೆ 3.67 ಪಿಕೊಮೋಲಾರ್. ಮುಟ್ಟು ನಿಂತ ಮೇಲಿನ ರಕ್ತಕ್ಕೆ 20 ಪಿಕೊಗ್ರಾಂ ಎಂದು ಇಟ್ಟುಕೊಂಡರೆ ಸುಮಾರು 73 ಪಿಕೊಮೋಲಾರ್. ಇದನ್ನು ಮೋಲಾರ್‌ನಲ್ಲೇ ಬರೆದು ಸಮೀಕರಣ ಬಿಡಿಸುವ ಸೈಪೈಯ ಸಾಲ್ವ್-ಐವಿಪಿಗೆ ಕೊಟ್ಟರೆ ಫಲಿತಾಂಶ ಹಾಳು. ಅದರ ಪೂರ್ವನಿಗದಿತ ನಿರಪೇಕ್ಷ ದೋಷಮಿತಿ 10ರ ಘಾತ −6, ನಮ್ಮ ಸಂಖ್ಯೆಗಳಿರುವುದು 10ರ ಘಾತ −11ರ ಆಸುಪಾಸಿನಲ್ಲಿ. ಇಡೀ ಉತ್ತರವೇ ದೋಷಮಿತಿಯೊಳಗೆ ಮುಳುಗಿಹೋಗುತ್ತದೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ರೇಖೆ ನುಣುಪಾಗಿಯೇ ಕಾಣಬಹುದು. ಈಗ ಎಲ್ಲವೂ ಪಿಕೊಮೋಲಾರ್ ಮತ್ತು ನಿಮಿಷದಲ್ಲಿದೆ, ಸಾಪೇಕ್ಷ ದೋಷಮಿತಿಯನ್ನು 10ರ ಘಾತ −6ಕ್ಕೆ ಬಿಗಿ ಮಾಡಲಾಗಿದೆ. ಗ್ಲೂಟಾಥಯೋನ್ ಕ್ರಿಯೆ ಬಹಳ ವೇಗದ್ದು, ಸಲ್ಫೇಟ್ ರೂಪದಲ್ಲಿ ಕೂಡಿಟ್ಟ ಈಸ್ಟ್ರೋಜನ್ ಬಿಡುಗಡೆ ಗಂಟೆಗಳ ಲೆಕ್ಕದ್ದು. ಈ ಅಂತರದಿಂದ ಸಾಲ್ವ್-ಐವಿಪಿಯ ಲೆಕ್ಕ ವಿಧಾನಗಳಲ್ಲಿ ಆರ್‌ಕೆ45 ಕುಂಟುತ್ತದೆ, ಬಿಡಿಎಫ್ ವಿಧಾನ ಸರಾಗವಾಗಿ ಓಡುತ್ತದೆ.

ಸಿವೈಪಿ1ಬಿ1 ಕಿಣ್ವಕ್ಕೆ ಈಸ್ಟ್ರಡಯೋಲಿನ ಕೆಎಂ (ಕಿಣ್ವ ತನ್ನ ಗರಿಷ್ಠ ವೇಗದ ಅರ್ಧ ಮುಟ್ಟುವ ಸಾಂದ್ರತೆ) ಸುಮಾರು 1 ಮೈಕ್ರೊಮೋಲಾರ್, ಅಂದರೆ ಹತ್ತು ಲಕ್ಷ ಪಿಕೊಮೋಲಾರ್. ಅಂಗಾಂಶದಲ್ಲಿ ರಕ್ತದ ಹತ್ತರಷ್ಟು ಇದೆ ಎಂದುಕೊಂಡರೂ ಅದು ಕೆಎಂನ ಸಾವಿರದ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಕಿಣ್ವದ ವೇಗ ಹೇಳುವ ಮೈಕೆಲಿಸ್-ಮೆಂಟನ್ ಸಮೀಕರಣವನ್ನು ವಿಮ್ಯಾಕ್ಸ್ (ಗರಿಷ್ಠ ವೇಗ) ಭಾಗಿಸು ಕೆಎಂ ಎಂಬ ಒಂದೇ ಸ್ಥಿರಾಂಕಕ್ಕೆ ಇಳಿಸಬಹುದು, ತಪ್ಪು ಶೇ 0.1ರೊಳಗೆ ಉಳಿಯುತ್ತದೆ. ಹತ್ತು ಮೈಕ್ರೊಮೋಲಾರ್ ಹಾಕಿ ಅಳೆದ ವೇಗವನ್ನು ದೇಹದ ವೇಗವೆಂದು ಎತ್ತಿಕೊಳ್ಳಬಾರದು ಎನ್ನುವುದಕ್ಕೆ ಕಾರಣವೂ ಇದೇ. ಆದರೆ ಸಲ್ಫೇಟ್ ಜೋಡಿಸುವ ಎಸ್‌ಯುಎಲ್‌ಟಿ1ಇ1ಗೆ ಈ ಸರಳೀಕರಣ ಸಲ್ಲದು. ಅದರ ಕೆಎಂ ಕೆಲವೇ ನ್ಯಾನೊಮೋಲಾರ್, ಪೂರ್ಣ ಸಮೀಕರಣವೇ ಬೇಕು.

ವಿಮ್ಯಾಕ್ಸ್ ವಿಷಯದಲ್ಲಿ ಇನ್ನೊಂದು ತೊಡಕು. ಪ್ರಕಟಿತ ಅಳತೆಗಳು ಹೆಚ್ಚಾಗಿ ಒಂದು ನ್ಯಾನೊಮೋಲ್ ಪಿ450ಗೆ ಇಷ್ಟು ಎಂದಿರುತ್ತವೆ. ಅದನ್ನು ಮೈಕ್ರೊಸೋಮ್ (ಕೋಶ ಒಡೆದು ಬೇರ್ಪಡಿಸಿದ, ಕಿಣ್ವವಿರುವ ಪೊರೆಯ ತುಣುಕು) ಪ್ರೋಟೀನಿನ ಮಿಲಿಗ್ರಾಂಗೆ, ಅಲ್ಲಿಂದ ಅಂಗಾಂಶದ ಗ್ರಾಂಗೆ ಇಳಿಸಬೇಕು. ಜೊತೆಗೆ, ಪ್ರಯೋಗಾಲಯದಲ್ಲಿ ತಯಾರಿಸಿದ ಕಿಣ್ವಕ್ಕೆ ಎಲೆಕ್ಟ್ರಾನ್ ಒದಗಿಸುವ ರಿಡಕ್ಟೇಸ್ ಧಾರಾಳವಾಗಿ ಸೇರಿಸಿದ್ದರೆ ವೇಗ ಉಬ್ಬಿರುತ್ತದೆ. ಈ ಕಾರಣಕ್ಕೆ ನಾವು ಬರಿಯ ವೇಗಗಳನ್ನಲ್ಲ, ಒಂದೇ ಕವಲಿನಿಂದ ಹೊರಡುವ ದಾರಿಗಳ ಅನುಪಾತವನ್ನು ಹೆಚ್ಚು ನಂಬುತ್ತೇವೆ.

ಸಲ್ಫೇಟ್ ದಾಸ್ತಾನು ಸೇರಿದೆ

ರಕ್ತದ ಈಸ್ಟ್ರಡಯೋಲನ್ನಷ್ಟೇ ಒಳಬಿಡುವ ಮಾದರಿಯಲ್ಲಿ ಅಂಗಾಂಶದ ಮಟ್ಟ ರಕ್ತಕ್ಕಿಂತ ಮೇಲೇಳುವುದೇ ಇಲ್ಲ. ನಿಜದಲ್ಲಿ, ಮುಟ್ಟು ನಿಂತ ಮೇಲೆ, ಸ್ತನದಲ್ಲಿ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಿಗುತ್ತದೆ. ಕೊಬ್ಬಿನ ಅಂಗಾಂಶದ ಅರೊಮಟೇಸ್ ಮತ್ತು ಈಸ್ಟ್ರೋನ್ ಸಲ್ಫೇಟನ್ನು ಬಿಡಿಸುವ ಸಲ್ಫಟೇಸ್, ಎರಡನ್ನೂ ಸೇರಿಸಿದ ಮೇಲೆ ಮಟ್ಟ ಸರಿದಿಕ್ಕಿಗೆ ಬಂದಿದೆ. ಪ್ರತಿ ಸಲ ಕೋಡ್ ತಿದ್ದಿದಾಗ ರಾಶಿ ಸಮತೋಲ ಪರೀಕ್ಷೆ ಓಡುತ್ತದೆ: ಒಳಬಂದ ಒಟ್ಟು ಮೋಲ್, ಉಳಿದದ್ದು ಮತ್ತು ಹೊರಹೋದದ್ದರ ಮೊತ್ತಕ್ಕೆ ಸಮವಿರಬೇಕು. ಹೊರಹೋಗುವ ಪ್ರತಿ ದಾರಿಗೂ ಒಂದೊಂದು ಖಾತೆ ತೆರೆಯದಿದ್ದರೆ ಈ ಪರೀಕ್ಷೆ ಮಾಡಲಾಗದು.

ಕಾಮ್ಟ್ ಕವಲು

ಕಾಮ್ಟ್ ಜೀನಿನ 158ನೇ ಸ್ಥಾನದಲ್ಲಿ ವ್ಯಾಲಿನ್ ಬದಲು ಮೆಥಿಯೊನಿನ್ ಇದ್ದರೆ ಕಿಣ್ವ ಶಾಖಕ್ಕೆ ಬೇಗ ಸೋಲುತ್ತದೆ, ಚಟುವಟಿಕೆ ಮೂರು ನಾಲ್ಕು ಪಟ್ಟು ತಗ್ಗುತ್ತದೆ. ಇದನ್ನು ಪರೀಕ್ಷಿಸಲು ಸರಳ ಸಂಖ್ಯೆಗಳನ್ನು ಇಟ್ಟೆವು. ಇವು ಅಳತೆಗಳಲ್ಲ, ಪರೀಕ್ಷಾ ಮೌಲ್ಯಗಳು. ಕ್ಯಾಟಿಕೋಲ್ ಹೊರಡುವ ದಾರಿಗಳು: ಕಾಮ್ಟ್ 8, ಸಲ್ಫೇಟ್ ಮತ್ತು ಗ್ಲುಕುರೊನೈಡ್ ಸೇರಿ 1.5, ಆಕ್ಸಿಡೀಕರಣ 0.5. ಒಟ್ಟು 10, ಕ್ವಿನೋನ್ ಕಡೆಗೆ ಹೋಗುವುದು ಶೇ 5. ಜೀನಿನ ಎರಡೂ ಪ್ರತಿ ಮೆಥಿಯೊನಿನ್ ಆದರೆ ಕಾಮ್ಟ್ 2, ಒಟ್ಟು 4, ಕ್ವಿನೋನ್ ಪಾಲು ಶೇ 12.5. ಚಟುವಟಿಕೆ ನಾಲ್ಕನೇ ಒಂದಕ್ಕೆ ಇಳಿದರೂ ಕ್ವಿನೋನ್ ಏರಿದ್ದು ಎರಡೂವರೆ ಪಟ್ಟು ಮಾತ್ರ. ವ್ಯಾಲಿನ್, ಮೆಥಿಯೊನಿನ್ ಒಂದೊಂದು ಪ್ರತಿ ಇದ್ದವರಿಗೆ ಕಾಮ್ಟ್ 5, ಕ್ವಿನೋನ್ ಪಾಲು ಶೇ 7.1.

ಇನ್ನು ಮೀಥೈಲ್ ಒದಗಿಸುವ ಎಸ್-ಅಡಿನೊಸಿಲ್ ಮೆಥಿಯೊನಿನ್. ಅದು ಮೀಥೈಲ್ ಕೊಟ್ಟ ಮೇಲೆ ಉಳಿಯುವ ಎಸ್-ಅಡಿನೊಸಿಲ್ ಹೋಮೊಸಿಸ್ಟೀನ್ ಕಾಮ್ಟ್ ಕಿಣ್ವವನ್ನೇ ತಡೆಯುತ್ತದೆ. ದಾನಿಯ ಮಟ್ಟ ಅದರ ಕೆಎಂಗೆ ಸಮ, ತಡೆಯುವ ಅಣುವಿನ ಮಟ್ಟ ಅದರ ಕೆಐಗೆ (ತಡೆಯ ಬಲ ಅಳೆಯುವ ಸ್ಥಿರಾಂಕ) ಸಮ ಎಂದಿಟ್ಟರೆ ಕಾಮ್ಟ್ ಮೂರನೇ ಒಂದು ಭಾಗ ಕುಸಿದು 5.33ಕ್ಕೆ ಬರುತ್ತದೆ, ಕ್ವಿನೋನ್ ಪಾಲು ಶೇ 6.8 ಆಗುತ್ತದೆ. ಚುರುಕಾದ ಜೀನ್ ಹೊತ್ತವರೂ ಈ ಸ್ಥಿತಿಯಲ್ಲಿ ಮಧ್ಯಮ ಜೀನಿನವರ ಹತ್ತಿರಕ್ಕೇ ಬಂದರು. ಜೀನ್ ವರದಿಯೊಂದರಿಂದಲೇ ಕಿಣ್ವದ ಚಟುವಟಿಕೆ ತಿಳಿಯಿತು ಎನ್ನಲಾಗದು.

ಕೋಡ್ ಸರಿಯಿದೆಯೇ ಎಂದು ನೋಡಲು 1973ರ ಕಾಕ್ಸರ್ ಮತ್ತು ಬರ್ನ್ಸ್ ಅವರ ಸಂಕಲನ ಪ್ರಮೇಯ ಬಹಳ ಒಳ್ಳೆಯ ಒರೆಗಲ್ಲು: ಒಂದು ಹರಿವಿನ ಮೇಲೆ ಎಲ್ಲ ಹಂತಗಳ ಪ್ರಭಾವ ಕೂಡಿದರೆ 1 ಬರಬೇಕು. ಪ್ರತಿ ಸ್ಥಿರಾಂಕವನ್ನು ಶೇ 1 ಹೆಚ್ಚಿಸಿ, ಕ್ವಿನೋನ್ ಹರಿವು ಶೇ ಎಷ್ಟು ಬದಲಾಯಿತೆಂದು ಲೆಕ್ಕ ಹಾಕಿ. ಪೂರೈಕೆಗೆ +1, ಕಾಮ್ಟ್‌ಗೆ −0.8, ಇತರ ದಾರಿಗಳಿಗೆ −0.15, ಆಕ್ಸಿಡೀಕರಣಕ್ಕೆ +0.95 ಬರುತ್ತದೆ. ಕೂಡಿದರೆ 1. ಮೊತ್ತ 1ರಿಂದ ದೂರ ಸರಿದರೆ ವ್ಯವಸ್ಥೆ ಸ್ಥಿರ ಸ್ಥಿತಿ ತಲುಪಿಲ್ಲ, ಇಲ್ಲವೇ ಯಾವುದೋ ದಾರಿ ಎರಡು ಸಲ ಎಣಿಕೆಯಾಗಿದೆ.

ಮಾದರಿಗೂ ಜನರಿಗೂ ತಾಳೆ ಆಗದ ಜಾಗ

ಈ ಲೆಕ್ಕದಂತೆ ಮಂದ ಕಾಮ್ಟ್ ಇದ್ದವರಲ್ಲಿ ಸ್ತನ ಕ್ಯಾನ್ಸರ್ ಎದ್ದುಕಾಣುವಷ್ಟು ಹೆಚ್ಚಿರಬೇಕಿತ್ತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಅಂಥ ಸ್ಪಷ್ಟ ಏರಿಕೆ ಕಂಡಿಲ್ಲ. ಪೂರೈಕೆಯ ಕಡೆ ಚಿತ್ರ ಬೇರೆ. 2002ರಲ್ಲಿ ಮೊದಲೇ ರಕ್ತ ಪಡೆದು ವರ್ಷಗಟ್ಟಲೆ ಹಿಂಬಾಲಿಸಿದ ಒಂಬತ್ತು ಮುನ್ನೋಟ ಅಧ್ಯಯನಗಳ ದತ್ತಾಂಶ ಕೂಡಿಸಿ ನೋಡಿದಾಗ, ಮುಟ್ಟು ನಿಂತವರಲ್ಲಿ ರಕ್ತದ ಈಸ್ಟ್ರಡಯೋಲ್ ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಿಗೆ ಅತಿ ಕಡಿಮೆ ಇದ್ದವರ ಸುಮಾರು ಎರಡರಷ್ಟು ಅಪಾಯವಿತ್ತು. ಐಬಿಸ್-2 ಪ್ರಯೋಗದಲ್ಲಿ ಅಪಾಯ ಹೆಚ್ಚಿದ್ದ, ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ 1 ಮಿಲಿಗ್ರಾಂ ಅನಾಸ್ಟ್ರೋಜೋಲ್ 5 ವರ್ಷ ಕೊಟ್ಟು ಅರೊಮಟೇಸ್ ತಡೆದಾಗ ಕ್ಯಾನ್ಸರ್ ಪ್ರಮಾಣ ಪ್ಲಸೀಬೊ (ಹುಸಿ ಮಾತ್ರೆ) ಗುಂಪಿನ ಸುಮಾರು ಅರ್ಧಕ್ಕೆ ಇಳಿಯಿತು.

ನಮ್ಮ ಓದು ಹೀಗೆ: ಈಸ್ಟ್ರಡಯೋಲ್ ಹೆಚ್ಚಿದರೆ ಎರಡು ದಾರಿ ಒಟ್ಟಿಗೆ ಬಿಸಿಯಾಗುತ್ತವೆ, ಈಸ್ಟ್ರೋಜನ್ ಗ್ರಾಹಕದ (ರಿಸೆಪ್ಟರ್) ಮೂಲಕ ಕೋಶ ವಿಭಜನೆ ಮತ್ತು ಕ್ವಿನೋನ್ ಹಾನಿ. ಕಾಮ್ಟ್ ಮುಟ್ಟುವುದು ಎರಡನೆಯದನ್ನು ಮಾತ್ರ. ಆಮೇಲೂ ಗ್ಲೂಟಾಥಯೋನ್ ಮತ್ತು ಡಿಎನ್ಎ ದುರಸ್ತಿ ಕಾದು ನಿಂತಿವೆ. ಕಾಮ್ಟ್‌ಗೆ ಕೊಟ್ಟ ಶೇ 80ರ ಪಾಲೂ ಅತಿಯಾಗಿರಬಹುದು. ಅದನ್ನು ಶೇ 40ಕ್ಕೆ ಇಳಿಸಿ ಇತರ ದಾರಿಗಳಿಗೆ 5.5 ಕೊಟ್ಟರೆ, ಅದೇ ನಾಲ್ಕು ಪಟ್ಟು ಕುಸಿತ ಕ್ವಿನೋನ್ ಪಾಲನ್ನು ಶೇ 5ರಿಂದ 7.1ಕ್ಕಷ್ಟೇ ಏರಿಸುತ್ತದೆ. ಕಾಮ್ಟ್ ವರದಿ ಕೈಯಲ್ಲಿ ಹಿಡಿದು ದಿಗಿಲುಪಡುವವರಿಗೆ ಈ ಅಂತರ ಸಣ್ಣದಲ್ಲ. ಆದ್ದರಿಂದ ಮಾದರಿಯ ಯಾವ ಔಟ್‌ಪುಟ್‌ಗೂ "ಅಪಾಯ" ಎಂಬ ಹೆಸರು ಇಟ್ಟಿಲ್ಲ, "ಕ್ವಿನೋನ್ ಹರಿವು" ಎಂದೇ ಇದೆ.

ಮುಂದಿನ ಕೆಲಸ: ಜಿಎಸ್‌ಟಿ ಹಂತಕ್ಕೆ ಗ್ಲೂಟಾಥಯೋನ್ ಮಟ್ಟವನ್ನು ಸ್ಥಿರಾಂಕದ ಬದಲು ಚರವಾಗಿ ಹಾಕುವುದು, 17-ಬೀಟಾ-ಎಚ್ಎಸ್‌ಡಿಯ ಎರಡು ಕಿಣ್ವ ರೂಪಗಳನ್ನು ಬೇರ್ಪಡಿಸುವುದು, ಮೊದಲನೆಯದು ಎನ್ಎಡಿಪಿಎಚ್ ಬಳಸಿ ಈಸ್ಟ್ರೋನನ್ನು ಈಸ್ಟ್ರಡಯೋಲ್ ಮಾಡಿದರೆ ಎರಡನೆಯದು ಎನ್ಎಡಿ ಬಳಸಿ ಹಿಂದಕ್ಕೆ ತಿರುಗಿಸುತ್ತದೆ, ಮತ್ತು ಎಲ್ಲ ಸ್ಥಿರಾಂಕಗಳನ್ನೂ ಒಟ್ಟಿಗೆ ಅಲುಗಾಡಿಸಿ, ಕಾಮ್ಟ್‌ನ ಪಾಲು ಯಾವ ಮಿತಿಯೊಳಗಿದ್ದರೆ ಜನರಲ್ಲಿ ಕಂಡದ್ದಕ್ಕೆ ವಿರೋಧ ಬರುವುದಿಲ್ಲ ಎಂದು ಹುಡುಕುವುದು.