ಶ್ರೀರಂಗಪಟ್ಟಣದಲ್ಲಿ ಸ್ವಿಸ್ ಸಿಪಾಯಿಗಳ ಗೋರಿ

ಶ್ರೀರಂಗಪಟ್ಟಣದಲ್ಲಿ ಆಟೋದವರಿಗೆ 'ಗೋರಿ' ಅಂದರೆ ಸೀದಾ ಟಿಪ್ಪುವಿನ ಗೋರಿ ಇರುವ ಗುಂಬಜ್ ಕಡೆ ತಿರುಗಿಸುತ್ತಾರೆ. ಅದಲ್ಲಣ್ಣ, ಗ್ಯಾರಿಸನ್ ಸಿಮೆಟ್ರಿ, ಬಿಳಿಯರ ದಂಡಿನ ಸ್ಮಶಾನ, ಹೊಳೆ ದಂಡೆಯಲ್ಲಿ ಇರೋದು ಅಂತ ಬಿಡಿಸಿ ಹೇಳಬೇಕು. ಬೆಂಗಳೂರು–ಮೈಸೂರು ರಸ್ತೆಯಿಂದ ಅದು ಮುನ್ನೂರು ಮೀಟರ್ ಆಚೆ ಇರಬಹುದು ಅಷ್ಟೇ. ಮಂಡ್ಯದಲ್ಲೇ ಹುಟ್ಟಿ ಬೆಳೆದ ನಾನೂ ಮೊನ್ನೆ ಮೇ ತಿಂಗಳ ತನಕ ಒಳಗೆ ಕಾಲಿಟ್ಟಿರಲಿಲ್ಲ.

ಹೊರಡಿಸಿದ್ದು ನಮ್ಮ ಚಿಕ್ಕಪ್ಪ. ಸೈನ್ಯದ ಸಿಗ್ನಲ್ಸ್‌ನಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಎಲ್ಲಿಗೆ ಹೋದರೂ ಮೊದಲು ಸೈನಿಕರ ಗೋರಿ, ಸ್ಮಾರಕ ಎಲ್ಲಿದೆ ಅಂತ ಹುಡುಕುವುದು ಅವರ ಚಾಳಿ. ನಾಗಾಲ್ಯಾಂಡ್‌ನ ಕೊಹಿಮಾದಲ್ಲಿರುವ ಎರಡನೇ ಮಹಾಯುದ್ಧದ ಸ್ಮಶಾನದ ವಿಷಯ ಎತ್ತಿದರೆ ಸಾಕು, ಕಾಫಿ ಆರಿಹೋಗುತ್ತದೆ. ಅಲ್ಲಿ 1,420 ಗೋರಿಗಳು. ಸುಟ್ಟು ಸಂಸ್ಕಾರ ಮಾಡಿದ 917 ಹಿಂದೂ, ಸಿಖ್ ಸೈನಿಕರಿಗೆ ಬೇರೆಯದೇ ಸ್ಮಾರಕ. 'ಒಂದು ಕಳೆ ಇಲ್ಲ ಕಣವ್ವ, ಒಂದು ಕಾಗದ ಇಲ್ಲ' ಅನ್ನುತ್ತಾರೆ. ಅವರು ಬೇರೆಲ್ಲ ಸ್ಮಶಾನಗಳನ್ನೂ ಅದರ ಪಕ್ಕ ಇಟ್ಟೇ ನೋಡುವುದು.

ಒಳಗೆ ಹೋದರೆ ಗೋರಿಗಳ ಗಾತ್ರ, ಆಕಾರ ಒಂದರ ಹಾಗೆ ಇನ್ನೊಂದಿಲ್ಲ. ಚೂಪು ಕಂಬಗಳು, ಪಿರಮಿಡ್‌ಗಳು, ಬರೀ ಕಟ್ಟೆ ಕಟ್ಟಿ ಮೇಲೆ ಕಲ್ಲು ಮುಚ್ಚಿದವು. ಎಲ್ಲಾ ಸೇರಿ ಮುನ್ನೂರರ ಮೇಲಿವೆ. ಕೆಲವು ಕಲ್ಲುಗಳಲ್ಲಿ ಅಕ್ಷರ ಸವೆದಿದೆ, ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

1799ರ ಮೇ 4ರ ಮಧ್ಯಾಹ್ನ ಇಂಗ್ಲಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಪಡೆ ಹೊಳೆ ದಾಟಿ ಟಿಪ್ಪುವಿನ ಕೋಟೆ ಹತ್ತಿತಲ್ಲ, ಈ ಸ್ಮಶಾನ ಶುರುವಾಗಿದ್ದು ಅದಾದ ಮರುವರ್ಷ. ಬೇಸಿಗೆಯಾದ್ದರಿಂದ ಹೊಳೆ ಬತ್ತಿತ್ತು. ಮಳೆಗಾಲ ಹಿಡಿದಿದ್ದರೆ ದಾಟುವುದು ಕನಸಿನ ಮಾತು. ಅದಕ್ಕೇ ಅವರಿಗೆ ಅಷ್ಟು ಅವಸರ. (ಈಗ ಹೊಳೆಯಲ್ಲಿ ನೀರು ಇರುವುದೂ ಬಿಡುವುದೂ ಕನ್ನಂಬಾಡಿ ಕಟ್ಟೆಯವರ ಕೈಲಿದೆ. ನಾವು ಹೋದಾಗ ಬಂಡೆಗಳೇ ಜಾಸ್ತಿ ಕಾಣುತ್ತಿದ್ದವು.)

ಆದರೆ ಇಲ್ಲಿ ಮಲಗಿರುವವರಲ್ಲಿ ಇಂಗ್ಲಿಷರಷ್ಟೇ ಅಲ್ಲ, ಸ್ವಿಟ್ಜರ್ಲೆಂಡ್‌ನಿಂದ ಬಂದ ಡಿ ಮ್ಯೂರಾನ್ ರೆಜಿಮೆಂಟ್‌ನವರೂ ಇದ್ದಾರೆ. ಅವರ ಕತೆ ಎಲ್ಲೆಲ್ಲಿಗೋ ಹೋಗುತ್ತದೆ. 1781ರಲ್ಲಿ ನ್ಯೂಶಾಟೆಲ್‌ನ ಕೌಂಟ್ ಡಿ ಮ್ಯೂರಾನ್ ಡಚ್ ಈಸ್ಟ್ ಇಂಡಿಯಾ ಕಂಪನಿಗೋಸ್ಕರ ಕಟ್ಟಿದ ಬಾಡಿಗೆ ಪಡೆ ಅದು. ಮೊದಲು ಆಫ್ರಿಕಾದ ಕೇಪ್, ಆಮೇಲೆ ಸಿಲೋನ್, ಅಂದರೆ ಈಗಿನ ಶ್ರೀಲಂಕಾ. 1795ರಲ್ಲಿ ಇಂಗ್ಲಿಷರು ಸಿಲೋನ್ ಮೇಲೆ ಬಿದ್ದಾಗ ಇಡೀ ಪಡೆಯನ್ನೇ ತಮ್ಮ ಕಡೆ ಎಳೆದುಕೊಂಡರು. ಅದಕ್ಕೆ ಮುಂಚೆ ಇಂಗ್ಲಿಷರ ಕಡೆಯ ಹ್ಯೂ ಕ್ಲೆಗಾರ್ನ್ ಎಂಬಾತ ಕೌಂಟ್‌ನ ಹತ್ತಿರ ಒಪ್ಪಂದ ಕುದುರಿಸಿ, ಕೊಲಂಬೊದಲ್ಲಿದ್ದ ಆತನ ತಮ್ಮನಿಗೆ ಆ ಸುದ್ದಿಯ ಚೀಟಿಯನ್ನು ಚೀಸ್ ಗಡ್ಡೆಯೊಳಗೆ ಬಚ್ಚಿಟ್ಟು ಕಳಿಸಿದ್ದನಂತೆ! ನಾಲ್ಕು ವರ್ಷ ಆದಮೇಲೆ ಅದೇ ಸಿಪಾಯಿಗಳು ನಮ್ಮ ಪಟ್ಟಣದ ಕೋಟೆ ಮುಂದೆ.

'ನೋಡವ್ವ, ಇವ್ರೇನು ಟಿಪ್ಪು ಮ್ಯಾಲೆ ಸಿಟ್ಟಿಗೆ ಬಂದೋರಲ್ಲ. ಸಂಬಳಕ್ಕೆ ಬಂದೋರು' ಅಂದರು ಚಿಕ್ಕಪ್ಪ. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಸಂಬಳಕ್ಕೆ ಬಂದವರ ಗುಂಡು ತಗುಲಿದರೂ ಸಾಯುವವನು ಸಾಯುತ್ತಾನೆ ಅಲ್ವಾ? ಹಾಗೆಂದೆ. 'ನಾನೂ ಸಂಬಳಕ್ಕೇ ಹೋಗಿದ್ದು' ಅಂದುಬಿಟ್ಟರು. ಅದಕ್ಕೆ ಏನು ಹೇಳೋದು?

ಕಲ್ಲುಗಳನ್ನು ಓದುತ್ತಾ ಹೋದ ಹಾಗೆ ಯುದ್ಧದ ವಿಷಯವೇ ಹಿಂದೆ ಸರಿಯಿತು. ಮುತ್ತಿಗೆಯಲ್ಲಿ ಸತ್ತವರು ಒಂದು ಪಾಲು ಮಾತ್ರ. ಉಳಿದವರು ಆಮೇಲೆ ಇಲ್ಲೇ ಠಾಣ್ಯ ಹೂಡಿ ಇದ್ದವರು, ಅವರ ಹೆಂಡತಿಯರು, ಮಕ್ಕಳು. ಪಟ್ಟಣದ ಜ್ವರ ಇವರನ್ನು ಬಿಡಲಿಲ್ಲ. ಕೊನೆಗೆ 1809ರಲ್ಲಿ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡು, ಅಂದರೆ ಕಂಟೋನ್ಮೆಂಟ್, ಹುಟ್ಟಿದ್ದೇ ಹಾಗೆ. ಎಂ.ಜಿ. ರಸ್ತೆಯಲ್ಲಿ ಓಡಾಡುವವರು ನಮ್ಮೂರ ಸೊಳ್ಳೆಗಳಿಗೆ ಒಂದು ನಮಸ್ಕಾರ ಹಾಕಬೇಕು ಅಂತ ನಾನು ಸುಮ್ನೆ ತಮಾಷೆ ಮಾಡಿದೆ. ಚಿಕ್ಕಪ್ಪ ನಗಲಿಲ್ಲ. ಅವರು ಮಗುವಿನ ಗೋರಿಯೊಂದರ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು.

ಮೊಣಕಾಲುದ್ದದ ಗೋರಿ. ಮೇಲೆ ಒಣಗಿದ ಎಲೆ ರಾಶಿ, ಮೂಲೆಯಲ್ಲಿ ಖಾಲಿ ಚಿಪ್ಸ್ ಪ್ಯಾಕೆಟ್. ಪ್ಯಾಕೆಟ್ ಮಡಚಿ ಜೇಬಿಗಿಟ್ಟುಕೊಂಡರು. ಹೆಗಲ ಮೇಲಿನ ಟವೆಲ್ ತೆಗೆದು ಎಲೆ ಒರೆಸಿದರು. ಗಾರೆ ಸಂದಿಯಲ್ಲಿ ಒಂದು ಅರಳಿ ಸಸಿ ಎರಡೆಲೆ ಬಿಟ್ಟಿತ್ತು. ಅದನ್ನು ಬೇರುಸಮೇತ ಬರುವ ಹಾಗೆ ನಿಧಾನಕ್ಕೆ ಎಳೆದರು. 'ಇದನ್ನ ಬಿಟ್ರೆ ಹತ್ತು ವರ್ಷಕ್ಕೆ ಗೋರಿನೇ ಸೀಳ್ತದೆ.' ಅದಾದ ಮೇಲೆ ಪಕ್ಕದ್ದು, ಅದರ ಪಕ್ಕದ್ದು. ನಾನೂ ಸೇರಿಕೊಂಡೆ. ಬಿಸಿಲಿಗೆ ಕುತ್ತಿಗೆ ಸುಡುತ್ತಿತ್ತು. ಬಾಟಲಿ ನೀರು ಮುಗಿಯುವ ತನಕ ಮಾಡಿದೆವು.

ಈ ಜಾಗ ಈಗ ಇಷ್ಟಾದರೂ ನೆಟ್ಟಗಿದೆ ಅಂದರೆ 2008ರ ಆಸುಪಾಸಿನಲ್ಲಿ ಮ್ಯೂರಾನ್ ವಂಶದವರೇ ದುಡ್ಡು ಕೊಟ್ಟು ದುರಸ್ತಿ ಮಾಡಿಸಿದ್ದರಿಂದ. ರೆಜಿಮೆಂಟ್ ಮಾತ್ರ ಇಲ್ಲಿಂದ ಹೋದಮೇಲೂ ಅಲೆಯಿತು. ಕೆನಡಾಕ್ಕೆ ಹೋಗಿ ಅಮೆರಿಕದವರ ವಿರುದ್ಧ ನಿಂತು, 1816ರಲ್ಲಿ ಅಲ್ಲೇ ವಿಸರ್ಜನೆಯಾಯಿತು.

ಒಂದು ವಿಷಯ ಚಿಕ್ಕಪ್ಪನಿಗೆ ಸರಿಬರಲಿಲ್ಲ. ಅವತ್ತು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಕಡೆ ಮದ್ರಾಸಿನ ಸಿಪಾಯಿಗಳು ಸಾವಿರಗಟ್ಟಲೆ ಇದ್ದರು. ನಿಜಾಮನ ದಂಡೂ ಇತ್ತು. ಒಳಗೆ ಟಿಪ್ಪುವಿನವರು. ಅವರಲ್ಲಿ ಒಬ್ಬನ ಹೆಸರೂ ಈ ಗೋಡೆಯೊಳಗೆ ಕಾಣಲಿಲ್ಲ. 'ಕೊಹಿಮಾದಲ್ಲಿ ಬರ್ದವ್ರೆ' ಅಂತ ಗೇಟು ದಾಟುವ ತನಕ ಗೊಣಗಿದರು.

ಈಗ ಅವರ ತಲೆಯಲ್ಲಿರುವುದು ಊರಿನ ಮಾಜಿ ಸೈನಿಕರನ್ನು ಕಟ್ಟಿಕೊಂಡು ಹೋಗಿ ಒಂದು ಭಾನುವಾರ ಎಲೆ, ಪ್ಲಾಸ್ಟಿಕ್ ಎಲ್ಲಾ ಹೆಕ್ಕುವುದು. ಫೋನಿನಲ್ಲಿ ಒಬ್ಬರು ಕಡ್ಡಿ ಮುರಿದ ಹಾಗೆ ಹೇಳಿದರು, 'ಟಿಪ್ಪುನ ಕೊಂದೋರ ಗೋರಿ ನಾನ್ಯಾಕೆ ಗುಡಿಸ್ಲಿ?' ಚಿಕ್ಕಪ್ಪ ಬಿಡಲಿಲ್ಲ: 'ಆಯ್ತು, ಗುಂಬಜ್‌ನೂ ಗುಡ್ಸನ, ಬಾ.' ಗುಂಬಜ್ ಕ್ಲೀನಾಗೇ ಐತೆ, ಅಲ್ಲಿ ಜನ ಅವ್ರೆ ಅಂತ ಆ ಕಡೆಯಿಂದ ಉತ್ತರ. 'ಅದ್ಕೇ ಇಲ್ಲಿಗೆ ಬಾ ಅಂತಿರೋದು!' ಭಾನುವಾರ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ. ನಾಲ್ಕು ಜನ ಒಪ್ಪಿದ್ದಾರೆ, ಆ ಫೋನಿನವರು ಇನ್ನೂ ಒಪ್ಪಿಲ್ಲ.